ನಿಗಡಿಯ ಸೈಕಲ್ ಗುಂಪು ಒಡೆದ ಮಳೆಗಾಲ

ಹೋದ ತಿಂಗಳು ಸೊಲ್ಲಾಪುರದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕುರಕುಂಭ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯಿತು. ರಾಸಾಯನಿಕ ಕಾರ್ಖಾನೆಗಳ ಊರು ಅದು. ಹುಳಿಯೂ ಅಲ್ಲದ, ಸುಟ್ಟದ್ದೂ ಅಲ್ಲದ, ಗಂಟಲಿನ ಹಿಂದೆ ಹೋಗಿ ಕೂತುಬಿಡುವ ವಾಸನೆ. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು, ಕಿಟಕಿ ಮುಚ್ಚಿರೆಂದು ಕೈಸನ್ನೆ ಮಾಡಿದಳು. ಮುಚ್ಚಿದೆ, ಆದರೆ ಮುಚ್ಚುವ ಮೊದಲು ಒಂದು ಸಲ ಎದೆ ತುಂಬ ಉಸಿರೆಳೆದುಕೊಂಡೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಒಂದು ಕಾಲಕ್ಕೆ ಇದೇ ವಾಸನೆ ಬಂದಾಗ ನಾವಿಬ್ಬರು ಹೆಂಗಸರು ಇದೇ ರಸ್ತೆಯ ಮೇಲೆ ಸಂತೋಷಕ್ಕೆ ಕಿರುಚಿದ್ದೆವು ಎಂದು ಅವಳಿಗೆ ಹೇಗೆ ಹೇಳುವುದು?

ಕೊರೊನಾ ಹಿಂದೆ ಸರಿದ ಮೇಲೆ ಜನ ಪೂರ್ತಿ ಹೊರಗೆ ಬಂದ ಮೊದಲ ಮಳೆಗಾಲ ಅದು. ನಾನು ಪುಣೆಯ ಅಂಚಿನ ಆಕುರ್ಡಿಯಲ್ಲಿ ಒಂದು ಬಿಡಿಭಾಗಗಳ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ನಮ್ಮದು ಬಾಗಲಕೋಟೆ ಕಡೆಯ ಮನೆತನ. ಮದುವೆಯಾಗಿ ಅದರ ಪಕ್ಕದ ನಿಗಡಿಗೆ ಬಂದವಳು ಅಲ್ಲೇ ಬೇರು ಬಿಟ್ಟಿದ್ದೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕೊರೊನಾಕ್ಕೂ ಮೊದಲೇ, ಭಾನುವಾರ ಬೆಳಿಗ್ಗೆ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುವಾಗ ಕೆಳಗಿನ ಚಹಾದ ಗಾಡಿಯ ಹತ್ತಿರ ಒಂದಿಷ್ಟು ಸೈಕಲ್ಲುಗಳು ಬಂದು ನಿಲ್ಲುವುದನ್ನು ನೋಡುತ್ತಿದ್ದೆ. ಬಂದವರು ಚಹಾ ಕುಡಿಯುತ್ತಿರಲಿಲ್ಲ, ಸುಮ್ಮನೆ ನಿಂತು ರಸ್ತೆ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಇಬ್ಬರು ಕೂತ ಒಂದು ಉದ್ದನೆಯ ಸೈಕಲ್ ನಿಧಾನಕ್ಕೆ ಬರುತ್ತಿತ್ತು. ಆಮೇಲೆಯೇ ಚಹಾ. ವಾರ ವಾರ ಇದನ್ನು ನೋಡಿ ನೋಡಿ ತಡೆಯಲಾರದೆ ಒಂದು ದಿನ ಕೆಳಗಿಳಿದು ಕೇಳಿಯೇಬಿಟ್ಟೆ.

ಉತ್ತರ ಹೇಳಿದವರು ಉದ್ದನೆಯ ಸೈಕಲ್ಲಿನ ಮುಂದಿನ ಸೀಟಿನಿಂದ ಇಳಿದ ವಸಂತ ಕಾಕಾ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿದ್ದ ತೆಳ್ಳನೆಯ ಮನುಷ್ಯ, ಅಕ್ಕಲಕೋಟೆ ಕಡೆಯವರು. ನನ್ನ ಮರಾಠಿ ಕೇಳಿದ ಕೂಡಲೇ ಗುರುತು ಹಿಡಿದು ಕನ್ನಡಕ್ಕೆ ಹೊರಳಿದರು.

"ನಮ್ಮ ಗುಂಪಿನಾಗ ಹಿಂದಿನವ್ರು ಬರೂತನಕ ಚಹಾ ಇಲ್ರಿ. ಅಷ್ಟ ನಮ್ಮ ಕಾನೂನು."

ಹಿಂದಿನ ಸೀಟಿನಲ್ಲಿದ್ದವರು ಅವರ ಹೆಂಡತಿ ಇಂದುಮತಿ, ಗುಂಪಿಗೆಲ್ಲ ಕಾಕು. ಮೂವತ್ತರ ಆಸುಪಾಸಿನಲ್ಲಿ ಕಣ್ಣಿನ ಪರದೆ ಸವೆಯುವ ರೋಗ ಬಂದು ದೃಷ್ಟಿ ಪೂರ್ತಿ ಹೋಗಿತ್ತು. ಒಂದು ಬ್ಯಾಂಕಿನ ಟೆಲಿಫೋನ್ ಬೋರ್ಡಿನಲ್ಲಿ ಕೂತು ಕೆಲಸ ಮಾಡಿ ನಿವೃತ್ತರಾದವರು. ಕಾಕಾ ಎಷ್ಟು ಮೆತ್ತಗೋ ಕಾಕು ಅಷ್ಟು ಜೋರು. ಅಡ್ಡ ಬಂದ ರಿಕ್ಷಾದವನಿಗೆ ಮರಾಠಿಯಲ್ಲಿ ಅವರು ಬೈಯುವುದನ್ನು ಕೇಳಿದರೆ ಅವನು ಮೊದಲು ಬೆಚ್ಚಿ ಆಮೇಲೆ ಕ್ಷಮೆ ಕೇಳುತ್ತಿದ್ದ.

ನಾನೂ ಗುಂಪು ಸೇರಿದೆ. ಹೈಸ್ಕೂಲಿನಲ್ಲಿ ಬಿಟ್ಟಿದ್ದ ಸೈಕಲ್ಲು ಕಾಲಿಗೆ ಇನ್ನೂ ನೆನಪಿತ್ತು. ನಮ್ಮ ಗುಂಪು ಇಡೀ ದೇಶದಲ್ಲಿ ಶಾಖೆಗಳಿದ್ದ ಒಂದು ದೊಡ್ಡ ಸೈಕಲ್ ಸಂಘದ ಸಣ್ಣ ತುಂಡು ಎಂಬುದು ಗೊತ್ತಾದದ್ದು ಆಮೇಲೆ. ಸಂಘವೆಂದರೆ ಆಗ ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುವ ತೆಳ್ಳನೆಯ ಪತ್ರಿಕೆ, ಅಂಗಿಗೆ ಚುಚ್ಚಿಕೊಳ್ಳುವ ಒಂದು ತಗಡಿನ ಬಿಲ್ಲೆ, ಅಷ್ಟೆ. ಉಳಿದಂತೆ ಯಾವ ಊರಿನ ಗುಂಪು ಹೇಗೆ ನಡೆಯಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಕಾತ್ರಜದವರಿಗೆ ಘಾಟಿ ಹತ್ತುವ ಹುಚ್ಚು. ಕೊಂಕಣದ ಕಡೆಯ ಒಂದು ಗುಂಪಿನವರು ಮೀನಿನ ಊಟಕ್ಕೆಂದೇ ಸೈಕಲ್ ಹೊಡೆಯುತ್ತಾರೆಂದು ನಮ್ಮವರು ಹೇಳಿ ನಗುತ್ತಿದ್ದರು. ನಮ್ಮ ನಿಗಡಿಯವರು ಹೆಚ್ಚಿನಂಶ ಕಾರ್ಖಾನೆಗೆ, ಆಫೀಸಿಗೆ ಸೈಕಲ್ ಮೇಲೆಯೇ ಹೋಗಿ ಬಂದು ಆಯುಷ್ಯ ಕಳೆದವರು. ಅವರಿಗೆ ಅವಸರ ಸಾಕಾಗಿತ್ತು. ಭಾನುವಾರವಾದರೂ ನಿಧಾನ ಹೋಗೋಣ ಎನ್ನುವುದು ಅವರ ಲೆಕ್ಕ.

ಕೊರೊನಾ ಕಾಲದಲ್ಲಿ ಊರಿಗೆ ಊರೇ ಸೈಕಲ್ ಕೊಂಡಿತು. ಅದರ ಬೆನ್ನಿಗೆ ಸಂಘವೂ ಬದಲಾಗತೊಡಗಿತು. ಜೂನ್ ತಿಂಗಳ ಒಂದು ಭಾನುವಾರ, ಮೊದಲ ಮಳೆ ಬಿದ್ದು ರಸ್ತೆಯ ಎಣ್ಣೆಯೆಲ್ಲ ಮೇಲೆದ್ದು ಬಣ್ಣಬಣ್ಣವಾಗಿ ಹರಿಯುತ್ತಿದ್ದ ಬೆಳಿಗ್ಗೆ, ಚಹಾದ ಗಾಡಿಗೆ ಚೇತನ್ ಎಂಬ ತರುಣ ಬಂದ. ಬೆಂಗಳೂರಿನವನು, ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ. ಇಡೀ ಪುಣೆಯ ಗುಂಪುಗಳನ್ನು ಒಂದು ಮಾಡುವ ಜವಾಬ್ದಾರಿಯನ್ನು ಸಂಘ ಅವನಿಗೆ ಕೊಟ್ಟಿತ್ತು. ಒದ್ದೆ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು, ಎಲ್ಲರಿಗೂ ಕೈಮುಗಿದು, ಕನ್ನಡದವರು ಸಿಕ್ಕರೆಂದು ಖುಷಿಯಿಂದಲೇ ಶುರುಮಾಡಿದ.

"ಸರ್, ಆಕ್ಚುಲಿ ಯಾರ್ನೂ ಬಿಡೋ ಪ್ರಶ್ನೆ ಇಲ್ಲ. ಚಿಕ್ಕ ಚಿಕ್ಕ ಗ್ರೂಪ್ ಎಲ್ಲ ಸೇರಿ ಪುಣೆಗೆ ಒಂದೇ ಚಾಪ್ಟರ್ ಆಗುತ್ತೆ. ರೈಡ್ ಎಲ್ಲ ಆಪ್‌ನಲ್ಲಿ ಬರುತ್ತೆ. ಹೆಲ್ಮೆಟ್ ಕಂಪಲ್ಸರಿ. ವರ್ಷಕ್ಕೊಂದು ಲಾಂಗ್ ರೈಡ್ ಟೈಮ್ ಒಳಗೆ ಮುಗಿಸಿದ್ರೆ ರೈಡರ್ ಅಂತ ಹೆಸರು ಇರುತ್ತೆ. ಈ ಸಲ ನಿಗಡಿಯಿಂದ ಕುರಕುಂಭ, ವಾಪಸ್. ಬೆಳಕು ಹರಿಯುವಾಗ ಸ್ಟಾರ್ಟ್, ಕತ್ತಲಾಗೋದ್ರೊಳಗೆ ಫಿನಿಶ್. ದಾರೀಲಿ ಮನೆಯವರು, ಫ್ರೆಂಡ್ಸು ಹೆಲ್ಪ್ ಮಾಡೋ ಹಾಗಿಲ್ಲ, ಅಷ್ಟೆ."

"ಮತ್ತ ಹಿಂದ ಉಳದವ್ರು?" ಕಾಕಾ ಕೇಳಿದರು.

"ಅವ್ರು ಅವ್ರ ಸ್ಪೀಡ್‌ನಲ್ಲಿ ಬರ್ತಾರೆ ಸರ್."

"ಯಾರ ಜೋಡಿ?"

"ಅದನ್ನ ಯಾರೂ ಯೋಚ್ನೆ ಮಾಡಿಲ್ಲ ಸರ್," ಎಂದ ಚೇತನ್. ಅವನು ಸುಳ್ಳು ಹೇಳುವ ಹುಡುಗನಲ್ಲ. ಅದನ್ನು ಅವತ್ತೇ ಗಮನಿಸಿದ್ದೆ.

"ತಮ್ಮಾ, ನೀ ಶ್ಯಾಣ್ಯಾ ಇದ್ದೀ," ಎಂದರು ಕಾಕಾ. "ಆದರ ಗಡಿಯಾರ ನೋಡ್ಕೋತ ಹೋಗೂದು ನಾವು ನೌಕರಿಯೊಳಗ ಮಾಡೇವಿ. ನನಗ ಇದು ಬ್ಯಾಡ."

ಅವರ ಮಾತಿಗೆ ಹೆಚ್ಚಿನವರು ತಲೆಯಾಡಿಸಿದರು. ಅಷ್ಟರಲ್ಲಿ ಗಾಡಿಯ ಪಕ್ಕದ ಬಾಕಿನ ಮೇಲೆ ಕೂತಿದ್ದ ಇಂದುಮತಿ ಕಾಕು, ಚಹಾದ ಗ್ಲಾಸು ಕೆಳಗಿಡುತ್ತ ಅಂದರು:

"ನಾ ಹೋಗ್ತೀನಿ ಕುರಕುಂಭಕ್ಕ."

ಕಾಕಾ ತಿರುಗಿ, "ಏನಂದಿ?" ಎಂದರು.

"ಇಷ್ಟು ವರ್ಷ ನೀವೆಲ್ಲಾರೂ ಇಲ್ಲಿ ನಿಂತು ನನಗ ಕಾಯ್ದೀರಿ. ಭಾಳ ಛಲೋ ಮಂದಿ ನೀವು, ನಾ ಇಲ್ಲ ಅನ್ನೂದಿಲ್ಲ. ಆದರ ಒಮ್ಮಿ ಯಾರೂ ನನಗ ಕಾಯಬಾರದು ಅನಸ್ತದ. ಹೊತ್ತಿನಾಗ ಬಂದ್ರ ಬಂದೆ, ಇಲ್ಲಂದ್ರ ಇಲ್ಲ. ಎಲ್ಲಾರಿಗೂ ಹ್ಯಾಂಗೋ ನನಗೂ ಹಂಗ."

ಆ ಕ್ಷಣಕ್ಕೆ ಕಾಕಾನ ಮುಖ ನೋಡಬಾರದಿತ್ತು ಅನ್ನಿಸಿತು. ಹಿಂದಿನವರಿಗೆ ಕಾಯುವ ಕಾನೂನನ್ನು ಅವರು ಮಾಡಿದ್ದೇ ಹೆಂಡತಿಗಾಗಿ ಎಂದು ಆವರೆಗೆ ನನಗೆ ಹೊಳೆದಿರಲಿಲ್ಲ. ಬಹುಶಃ ಅವರಿಗೂ ಹೊಳೆದಿರಲಿಲ್ಲ. ಅವರು ಮೊಣಕಾಲು ಸವರಿಕೊಂಡು, "ನನಗ ಅಷ್ಟು ದೂರ ಆಗೂದಿಲ್ಲ," ಎಂದಷ್ಟೇ ಹೇಳಿದರು. ಮೊಣಕಾಲು ನಿಜಕ್ಕೂ ಕೆಟ್ಟಿತ್ತು. ಅದೊಂದೇ ಕಾರಣವಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಮಾರನೆಯ ಸಂಜೆ ಕಾಕು ನನಗೆ ಫೋನ್ ಮಾಡಿದರು. "ಶೈಲಾ, ನೀ ಮುಂದ ಕೂಡತಿಯೇನವಾ?"

"ನಾ ಯಾಕ್ರಿ ಕಾಕು? ನನಗಿಂತ ಛಲೋ ಹೊಡಿಯಾವ್ರು ಅದಾರಲ್ಲ?"

"ನೀ ಭಾಳ ಪ್ರಶ್ನಿ ಕೇಳತಿ. ಅದಕ್ಕ."

ಅದು ಹೊಗಳಿಕೆಯೋ ದೂರೋ ತಿಳಿಯದೆ ಒಪ್ಪಿಕೊಂಡೆ.

ಜೋಡಿ ಸೈಕಲ್ ಎಂದರೆ ಎರಡು ಸೀಟು, ಎರಡು ಜೊತೆ ಪೆಡಲ್ಲು, ಆದರೆ ದಿಕ್ಕು ತಿರುಗಿಸುವ ಹ್ಯಾಂಡಲ್ಲು ಮುಂದಿನವರಿಗೆ ಮಾತ್ರ. ಹಿಂದಿನ ಹ್ಯಾಂಡಲ್ಲು ಸುಮ್ಮನೆ ಹಿಡಿದುಕೊಳ್ಳಲಿಕ್ಕೆ. ಎರಡೂ ಜೊತೆ ಪೆಡಲ್ಲುಗಳು ಒಂದೇ ಚೈನಿನಿಂದ ಕಟ್ಟಿಕೊಂಡಿರುತ್ತವೆ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರ ಕಾಲೂ ನಿಲ್ಲುತ್ತದೆ. ನಿಗಡಿಯ ಪ್ರಾಧಿಕರಣ ಎಂಬ ಬಡಾವಣೆಯ ಅಗಲ ರಸ್ತೆಗಳಲ್ಲಿ ಆಫೀಸಿಗೆ ಮೊದಲು ಅಭ್ಯಾಸ ಶುರುವಾಯಿತು. ಮೊದಲ ದಿನವೇ ಒಂದು ಗಿಡ್ಡ ರಸ್ತೆ ಉಬ್ಬಿನ ಮೇಲೆ ಗಾಬರಿಯಿಂದ ಬ್ರೇಕ್ ಒತ್ತಿ ಇಬ್ಬರೂ ಬಿದ್ದೆವು. ಕಾಕುವಿನ ಮೊಣಕೈ ತರಚಿ ರಕ್ತ ಬಂತು. ನನಗೆ ಅಳುವೇ ಬಂದುಬಿಟ್ಟಿತು.

"ಅಳಬ್ಯಾಡ, ಮೊದಲ ಸೈಕಲ್ ಎತ್ತು," ಎಂದರು ಕಾಕು. "ನಿನ್ನ ಕಾಲು ಹೆದರಿದ್ದು ನನಗ ಮೊದಲ ಗೊತ್ತಾತು. ಪೆಡಲ್‌ನ್ಯಾಗ ಎಲ್ಲಾ ಬರ್ತದ. ಹೆದರಿದಾಗ ಬಾಯಿಲೆ ಹೇಳು, ಕಾಲಿಲೆ ಹೇಳಬ್ಯಾಡ."

ಅವತ್ತಿನಿಂದ ನಾನು ಬಾಯಿ ಬಿಟ್ಟು ಹೇಳತೊಡಗಿದೆ. ಗುಂಡಿ ಬಂತು, ಎಡಕ್ಕೆ ವಾಲತೀವಿ, ನಾಯಿ ಅದ, ಹೆದರಿಕಿ ಆಗಾಕತ್ತದ. ಅವರಿಗೆ ಅಷ್ಟು ಸಾಲಲಿಲ್ಲ. "ಅದೆಲ್ಲಾ ಸುದ್ದಿ ಆತು. ಈಗ ಏನ ಕಾಣಸ್ತದ ಹೇಳು," ಎನ್ನುತ್ತಿದ್ದರು.

"ಗಿಡ ಅವ ಕಾಕು."

"ಎಂಥಾ ಗಿಡ?"

"ದೊಡ್ಡುವು."

ಹಿಂದಿನಿಂದ ಒಂದು ನಿಟ್ಟುಸಿರು ಬರುತ್ತಿತ್ತು. ಇಷ್ಟು ಪ್ರಶ್ನೆ ಕೇಳುವ ಹೆಂಗಸಿಗೆ ತನ್ನ ಮನೆಯ ಮುಂದಿನ ಮರದ ಹೆಸರು ಗೊತ್ತಿಲ್ಲವಲ್ಲ ಎಂದು ನನಗೇ ನಾಚಿಕೆಯಾಯಿತು. ಆಮೇಲೆ ತೋಟದ ಮಾಲಿಗಳನ್ನು ನಿಲ್ಲಿಸಿ, "ಹೇ ಕುಠಲಂ ಝಾಡ?" ಎಂದು ಒಂದೊಂದು ಮರದ ಹೆಸರು ಕೇಳತೊಡಗಿದೆ. ಹೊಂಗೆ, ಬೇವು, ಗುಲ್‌ಮೊಹರ್, ಸಂಜೆಯಾದರೆ ಎಲೆ ಮಡಿಚಿಕೊಳ್ಳುವ ಮಳೆಮರ. ಒಂದು ಬಂಗಲೆಯ ಗೋಡೆಗೆ ಬಳಿದ ಹಸಿರು, ಪಾಚಿಯ ಹಸಿರಿಗಿಂತ ಹೇಗೆ ಬೇರೆ ಎಂದು ಹೇಳಲು ಒಂದು ಬೆಳಿಗ್ಗೆ ಪೂರ್ತಿ ಒದ್ದಾಡಿದೆ. ಕಾಕುವಿಗೆ ಬಣ್ಣಗಳೆಲ್ಲ ನೆನಪಿದ್ದವು. ಅದಕ್ಕೇ ಅವರನ್ನು ಸುಲಭಕ್ಕೆ ಒಪ್ಪಿಸಲು ಆಗುತ್ತಿರಲಿಲ್ಲ. ಕಣ್ಣಿಲ್ಲದವರಿಗೆ ಮೂಗು ಚುರುಕಂತೆ, ಹೌದೇನು ಎಂದು ಒಮ್ಮೆ ಕೇಳಿದೆ.

"ನನ್ನ ಮೂಗು ನಿನ್ನ ಮೂಗಿನಷ್ಟ ಅದ. ನೀ ಲಕ್ಷ್ಯ ಕೊಡೂದಿಲ್ಲ ಅಷ್ಟ."

ಮಳೆ ಆ ವರ್ಷ ನಮ್ಮ ಮೇಲೆ ಹಟಕ್ಕೆ ಬಿದ್ದಂತೆ ಸುರಿಯಿತು. ರೇನ್‌ಕೋಟಿನೊಳಗೆ ಬೆವರು, ಹೊರಗೆ ನೀರು. ಪ್ರತಿ ಸಲ ತಿರುಗಿ ಬಂದಾಗಲೂ ಕಾಕಾ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೇಗಾಯಿತು, ಎಷ್ಟು ದೂರ ಹೋದಿರಿ ಎಂದು ಒಂದು ಮಾತೂ ಕೇಳುತ್ತಿರಲಿಲ್ಲ. ಆದರೆ ಮರುದಿನ ನಾನು ಹೋಗುವಷ್ಟರಲ್ಲಿ ಸೈಕಲ್ಲಿನ ಕೆಸರು ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಸವೆದ ಬ್ರೇಕಿನ ರಬ್ಬರು ಬದಲಿಸಿ ಇಟ್ಟಿರುತ್ತಿದ್ದರು. ಗಂಡಹೆಂಡತಿಯ ನಡುವೆ ಆ ಮಳೆಗಾಲದಲ್ಲಿ ಕುರಕುಂಭ ಎಂಬ ಹೆಸರೇ ಬರಲಿಲ್ಲವಂತೆ. "ಊಟಕ್ಕ ಬಾ, ಗುಳಗಿ ತಗೊಂಡಿಯೇನು, ಇಷ್ಟ ನಮ್ಮ ಮಾತು," ಎಂದು ಕಾಕು ಒಮ್ಮೆ ಹೇಳಿದರು. ನಾನು ಎರಡು ಊರಿನ ಜಗಳದ ನಡುವೆ ಸಿಕ್ಕ ಬಸ್ಸಿನಂತೆ ಹೋಗಿ ಬರುತ್ತಿದ್ದೆ.

ಗಣಪತಿ ವಿಸರ್ಜನೆ ಮುಗಿದ ಮುಂದಿನ ಭಾನುವಾರ ಕುರಕುಂಭದ ಓಟ. ನಮ್ಮ ಹಳೆಯ ಗುಂಪಿನಿಂದ ಬಂದವರು ನಾವಿಬ್ಬರೇ. ಉಳಿದವರೆಲ್ಲ ಹೊಸಬರು: ಬಿಗಿಯಾದ ಬಣ್ಣದ ಜರ್ಸಿ, ಬೆರಳಿನಲ್ಲಿ ಎತ್ತಬಹುದಾದ ಸೈಕಲ್ಲು. ಅವರಲ್ಲಿ ಅಷ್ಟೊಂದು ಹುಡುಗಿಯರಿದ್ದದ್ದು ನೋಡಿ ಆಶ್ಚರ್ಯವಾಯಿತು; ನಿಗಡಿ ಗುಂಪಿನಲ್ಲಿ ಹೆಂಗಸರೆಂದರೆ ನಾನು, ಕಾಕು. ಬೆಳಕು ಮೂಡುತ್ತಲೇ ಎಲ್ಲರೂ ಹೊರಟರು. ಸ್ವಲ್ಪ ಹೊತ್ತಿನಲ್ಲೇ ಅವರ ಹಿಂದಿನ ಕೆಂಪು ದೀಪಗಳು ಮಾಯವಾಗಿ ರಸ್ತೆಯ ಮೇಲೆ ನಾವಿಬ್ಬರೇ ಉಳಿದೆವು.

"ಎಲ್ಲಾರೂ ಹೋದ್ರೇನು?"

"ಹೋದ್ರು ಕಾಕು."

"ಛಲೋ ಆತು," ಎಂದರು. ದನಿಯಲ್ಲಿ ನಿಜವಾದ ಖುಷಿ ಇತ್ತು.

ಹಡಪಸರ ದಾಟಿದ ಮೇಲೆ ಗಾಳಿ ಬೆನ್ನಿಗೆ ಬಂತು. ಉರುಳಿ ಕಾಂಚನದ ಹತ್ತಿರ ರಸ್ತೆಯುದ್ದಕ್ಕೂ ಸಸಿ ಮಾರುವ ನರ್ಸರಿಗಳು. ದಾಸವಾಳಗಳ ಬಣ್ಣ ಹೇಳುತ್ತ ಹೇಳುತ್ತ ನನ್ನ ಗಂಟಲು ಒಣಗಿತು. ಯವತ್ ದಾಟಿದರೆ ಕಬ್ಬು. ಎಲ್ಲೋ ಆಲೆಮನೆಯಿಂದ ಕುದಿಯುವ ಬೆಲ್ಲದ ವಾಸನೆ. ಸೈಕಲ್ಲು ತಾನೇ ಓಡುತ್ತಿದೆಯೇನೋ ಎಂಬಷ್ಟು ಹಗುರ. ಕಾಕು ಹಿಂದೆ ಹಾಡು ಗುನುಗುತ್ತಿದ್ದರು. ಆಮೇಲೆ ಆ ವಾಸನೆ ಬಂತು. ನಾನು ಫಲಕ ಓದುವ ಮೊದಲೇ ಅವರು ನನ್ನ ಬೆನ್ನಿಗೆ ಗುದ್ದಿ, "ಬಂತೋ ಇಲ್ಲೋ ಕುರಕುಂಭ!" ಎಂದು ಕೂಗಿದರು. ಇಬ್ಬರೂ ಕಿರುಚಿದೆವು. ಲಾರಿಯವನೊಬ್ಬ ಗಾಬರಿಯಾಗಿ ಹಾರ್ನ್ ಹೊಡೆದ. ತಿರುಗುವ ಜಾಗದಲ್ಲಿ ಸಂಘದವರು ಕೊಟ್ಟ ಬಾಳೆಹಣ್ಣು ತಿಂದು ಸೈಕಲ್ ತಿರುಗಿಸಿದೆವು.

ತಿರುಗಿಸಿದ ಮೇಲೆ ತಿಳಿಯಿತು, ಹೋಗುವಾಗಿನ ಸುಖವೆಲ್ಲ ಗಾಳಿಯದೆಂದು. ಈಗ ಅದೇ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುತ್ತಿತ್ತು. ಯವತ್ ಇನ್ನೂ ದೂರವಿರುವಾಗಲೇ ನನ್ನ ತೊಡೆಗಳು ಸೋತವು. ಒಂದು ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ ನೆಲದ ಮೇಲೆ ಕೂತೇಬಿಟ್ಟೆ.

"ಕಾಕು, ನನ್ನ ಕಡಿಂದ ಆಗೂದಿಲ್ರಿ. ಟೆಂಪೋ ಹಿಡದು ಹೋಗೂಣು."

ಅವರು ಸೈಕಲ್ಲಿಗೆ ಒರಗಿಕೊಂಡೇ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ನಿನಗ ಒಂದ ಮಾತು ಕೇಳ್ತೀನಿ. ಹ್ಯಾಂಡಲ್ ಹಿಡಿಯಾಕ ಆಗ್ತದೇನು? ಅಷ್ಟರ ಹೇಳು."

"ಆಗ್ತದ."

"ಹಂಗಾರ ನೀ ಹ್ಯಾಂಡಲ್ ಹಿಡಿ, ಕಾಲು ಸುಮ್ನ ಬಿಡು. ನಾ ತುಳೀತೀನಿ."

ಹಾಗೇ ಮಾಡಿದೆವು. ಪೆಡಲ್ಲುಗಳು ನನ್ನ ಕಾಲುಗಳನ್ನು ತಾವೇ ತಿರುಗಿಸಿಕೊಂಡು ಹೋಗುತ್ತಿದ್ದವು. ನನ್ನ ಹಿಂದೆ ಅರವತ್ತು ದಾಟಿದ ಹೆಂಗಸಿನ ಉಸಿರು ಏದುಸಿರಾಗಿ, ಆಮೇಲೆ ಒಂದು ಲಯಕ್ಕೆ ಬಂತು. ಅಷ್ಟು ವಾರ ನಾನು ಅವರನ್ನು ಕರೆದುಕೊಂಡು ಹೋಗುತ್ತಿದ್ದೇನೆ ಎಂದುಕೊಂಡಿದ್ದೆ. ಯವತ್ ಬರುವ ಹೊತ್ತಿಗೆ ನನ್ನ ಕಾಲಿಗೆ ಜೀವ ಬಂದಿತ್ತು.

ಉರುಳಿ ಕಾಂಚನ ದಾಟುವಾಗ ನರ್ಸರಿಯೊಂದರ ಮುಂದೆ, ರಸ್ತೆಯ ಅಂಚಿಗೆ, ಹಳೆಯ ಉಕ್ಕಿನ ಸೈಕಲ್ ಹಿಡಿದು ನಿಂತ ತೆಳ್ಳನೆಯ ಮನುಷ್ಯ ಕಂಡರು. ಹ್ಯಾಂಡಲ್ಲಿಗೆ ನೇತುಹಾಕಿದ ಚಹಾದ ಥರ್ಮಾಸು. ನನ್ನ ಕಾಲು ತಡವರಿಸಿತು.

"ಏನಾತು? ಏನ ಕಾಣಸ್ತದ?" ಕಾಕು ತಕ್ಷಣ ಕೇಳಿದರು.

"ಕಾಕಾ ನಿಂತಾರ್ರಿ."

ಕೆಟ್ಟ ಮೊಣಕಾಲಿನಲ್ಲಿ ನಿಗಡಿಯಿಂದ ಅಲ್ಲಿಯವರೆಗೆ ತುಳಿದುಕೊಂಡು ಬಂದಿದ್ದರು ಅವರು.

"ಕೈ ಮಾಡ್ಯಾರೇನು?"

"ಇಲ್ಲ. ಸುಮ್ನ ನಿಂತಾರ. ನಗಾಕತ್ತಾರ."

"ಹಂಗಾರ ನಿಲ್ಲಸಬ್ಯಾಡ. ಅವರಿಗೆ ನೇಮ ಗೊತ್ತದ. ನಮ್ಮನ್ನ ನಿಲ್ಲಸಾಕ ಬಂದಿಲ್ಲ ಅವರು." ಹಾಗೆಂದವರು, ಅವರನ್ನು ದಾಟುವಾಗ ಗಾಳಿಗೆ ಮುಖವೆತ್ತಿ, "ಮೊಣಕಾಲು ಸಂಭಾಳಸ್ರಿ!" ಎಂದು ಕೂಗಿದರು.

ನನ್ನ ಹ್ಯಾಂಡಲ್ಲಿಗೆ ಒಂದು ಸಣ್ಣ ಕನ್ನಡಿ ಇತ್ತು. ಅದರಲ್ಲಿ ಕಾಕಾ ಸೈಕಲ್ ಹತ್ತುವುದು ಕಂಡಿತು. ಹತ್ತಿರ ಬರಲಿಲ್ಲ, ದೂರವೂ ಉಳಿಯಲಿಲ್ಲ. ಹಡಪಸರದ ಮಳೆಯಲ್ಲಿ, ಬಸ್ಸುಗಳ ಗದ್ದಲದಲ್ಲಿ, ಸಂಗಮದ ಸೇತುವೆಯ ಮೇಲೆ ಕಾಕು ಆಗಾಗ ಕೇಳುತ್ತಿದ್ದರು: "ಹಿಂದ ಅದಾರೇನು?" ನಾನು ಕನ್ನಡಿ ನೋಡಿ, "ಅದಾರ್ರಿ," ಎನ್ನುತ್ತಿದ್ದೆ.

ಕತ್ತಲಾಗುವ ಮೊದಲು ನಿಗಡಿ ಮುಟ್ಟಿದೆವು. ಮುಂಚೆ ಬಂದವರು ಹೆಚ್ಚಿನಂಶ ಮನೆಗೆ ಹೋಗಿಬಿಟ್ಟಿದ್ದರು. ಚೇತನ್ ಓಡಿಬಂದು ಸೈಕಲ್ ಹಿಡಿದುಕೊಂಡ. "ಸೂಪರ್ ಆಂಟಿ! ಟೈಮ್ ಇನ್ನೂ ಇದೆ!" ಎಂದು ಕುಣಿದಾಡಿದ. ಫೋನ್ ತೆಗೆದು ಏನೋ ಒತ್ತಿದ. ಒತ್ತಿದವನ ಮುಖ ಇಳಿದುಹೋಯಿತು.

"ಶೈಲಾ ಮೇಡಂ ಹೆಸರು ಬಂತು. ಇಂದುಮತಿ ಆಂಟೀದು ತಗೋತಿಲ್ಲ. ಆಪ್‌ನಲ್ಲಿ ಒಂದು ಸೈಕಲ್‌ಗೆ ಒಬ್ರೇ ರೈಡರ್."

"ಹಂಗಾರ ನಾ ಏನು?" ಕಾಕು ಕೇಳಿದರು. "ಸಾಮಾನೇನು? ಹಿಂದ ಕಟಗೊಂಡ ಬಂದ ಗಂಟೇನು?" ಮೊದಲು ನಕ್ಕರು. ಆಮೇಲೆ ಪಟ್ಟಿ ಬಿಚ್ಚಿ, ಹೆಲ್ಮೆಟ್ಟನ್ನು ಅವನ ಕೈಗೆ ತುರುಕಿದರು. ಬೇವಿನ ಮರದಿಂದ ಯವತ್ ತನಕ ಪೂರ್ತಿ ತುಳಿದವರು ಅವರು. ಹೆಸರು ಬಂದದ್ದು ನನ್ನದು.

ಅಷ್ಟರಲ್ಲಿ ಕಾಕಾ ಬಂದು ಇಳಿದರು. ಮೊಣಕಾಲು ಮಡಚಲಾರದೆ ಸೈಕಲ್ಲನ್ನು ಗೋಡೆಗೆ ಆನಿಸಿ, ಏನಾಯಿತೆಂದು ಕೇಳಿಕೊಂಡು, ಚೇತನ್‌ನ ಎದುರು ನಿಂತರು.

"ತಮ್ಮಾ, ನಿಮ್ಮ ಹೊಸಾ ಸಂಘದಾಗ ಹೆಸರ ಹಚ್ಚೂದು ಹ್ಯಾಂಗ?"

"ಯಾರ್ದು ಸರ್?"

"ನನ್ನದು. ಒಳಗ ಬರದ ಜಗಳಾ ಹ್ಯಾಂಗ ಮಾಡ್ಲಿ?"

ಜಗಳ ಮಾಡಿದರು. ವರ್ಷ ಮುಗಿಯುವವರೆಗೂ ಮಾಡಿದರು. ಜೀವನವಿಡೀ ಟೆಲಿಫೋನ್ ಇಲಾಖೆಯಲ್ಲಿದ್ದವರಿಗೆ ಯಾರಿಗೆ ಎಷ್ಟು ಸಲ ಫೋನ್ ಮಾಡಿದರೆ ಕೆಲಸವಾಗುತ್ತದೆಂದು ಗೊತ್ತಿತ್ತು. ಸಂಘದ ಮುಖ್ಯ ಕಚೇರಿಯವರು ಮೊದಲು, ಸಹಪ್ರಯಾಣಿಕ ಎಂದು ಸೇರಿಸುತ್ತೇವೆ ಎಂದರು. "ನಾ ಪ್ಯಾಸೆಂಜರ್ ಅಲ್ಲ," ಎಂದು ಕಾಕು ತಿರಸ್ಕರಿಸಿದರು. ಮುಂದಿನವರೇ ಓಡಿಸುವುದಲ್ಲವೇ, ಹಿಂದಿನವರು ಮಾಡುವುದೇನು ಎಂದು ಅಲ್ಲಿಂದ ಯಾರೋ ಕೇಳಿದರಂತೆ. ಆ ಪ್ರಶ್ನೆಗೆ ತನಗೂ ಉತ್ತರ ಗೊತ್ತಿಲ್ಲ ಎಂದುಕೊಂಡು ಚೇತನ್ ಒಂದು ಬೆಳಿಗ್ಗೆ ತಾನಾಗಿಯೇ ಬಂದು, ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ನನ್ನ ಹಿಂದೆ ಕೂತ. ಪ್ರಾಧಿಕರಣದ ಏರಿನಲ್ಲಿ ನಾನು ಬೇಕೆಂದೇ ಕಾಲು ಸಡಿಲ ಬಿಟ್ಟೆ. ಇಳಿದಾಗ ಅವನ ಅಂಗಿ ತೊಯ್ದು ತೊಪ್ಪೆಯಾಗಿತ್ತು. "ಮೇಡಂ, ಇದು ಡಬಲ್ ಕಷ್ಟ. ಎಲ್ಲಿ ಹೋಗ್ತಿದೀವಿ ಅಂತ್ಲೇ ಗೊತ್ತಾಗಲ್ಲ, ಆದ್ರೂ ತುಳೀಬೇಕು," ಎಂದ. ಅವತ್ತೇ ಕೂತು ಮುಖ್ಯ ಕಚೇರಿಗೆ ಉದ್ದಕ್ಕೆ ಬರೆದ. ಹೊಸ ವರ್ಷದ ಹೊತ್ತಿಗೆ ಆಪಿನಲ್ಲಿ ಜೋಡಿ ಸೈಕಲ್ಲಿಗೆ ಎರಡು ಹೆಸರಿನ ಜಾಗ ಬಂತು. ಅಕ್ಷರ ಓದಿ ಹೇಳುವ ಕಾಕುವಿನ ಫೋನು ಅವರ ಹೆಸರನ್ನು "ಇಂಡುಮಟಿ" ಎಂದು ಓದಿತು. ಅವರು ಅದನ್ನು ಮತ್ತೆ ಮತ್ತೆ ಓದಿಸಿ ಕೇಳಿದರು.

ನಿಗಡಿ ಗುಂಪು ಮಾತ್ರ ಉಳಿಯಲಿಲ್ಲ. ಯಾರೂ ಅದನ್ನು ಮುಚ್ಚಲಿಲ್ಲ. ಕೆಲವರು ಹೊಸ ಚಾಪ್ಟರಿಗೆ ಹೋದರು, ಕೆಲವರು ವಾಕಿಂಗ್ ಹಿಡಿದರು, ಒಬ್ಬಿಬ್ಬರು ಮಗಳ ಊರಿಗೋ ಮಗನ ಊರಿಗೋ ಹೋದರು. ಚಹಾದ ಗಾಡಿಯ ಮುಂದೆ ಭಾನುವಾರ ಮೂರು ಸೈಕಲ್ಲು, ಎರಡು, ಆಮೇಲೆ ಇಲ್ಲ. ಗುಂಪು ಒಡೆದದ್ದು ಆಪ್ ಬಂದದ್ದಕ್ಕೋ, ಕಾಕು ಅವತ್ತು ಆಡಿದ ಮಾತಿಗೋ, ಎಲ್ಲರಿಗೂ ವಯಸ್ಸಾದದ್ದಕ್ಕೋ ಎಂದು ಈಗಲೂ ಯೋಚಿಸುತ್ತೇನೆ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಹೊಸ ಚಾಪ್ಟರಿನಲ್ಲಿ ನನ್ನ ಪಕ್ಕದಲ್ಲಿ ತುಳಿಯುವವಳ ಹೆಸರು ನನಗೆ ಗೊತ್ತಿರುವುದಿಲ್ಲ. ಆದರೆ ಬೆಳಿಗ್ಗೆ ಒಬ್ಬಳೇ ಸೈಕಲ್ ತೆಗೆದುಕೊಂಡು ಲೋಣಾವಳಕ್ಕೆ ಹೋಗಿಬರುವ ಹುಡುಗಿಯರನ್ನು ಹಳೆಯ ಗುಂಪಿನಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ.

ಆಪಿನಲ್ಲಿ ಎರಡು ಹೆಸರು ಬಂದ ಕೆಲವೇ ದಿನಕ್ಕೆ ಹುಬ್ಬಳ್ಳಿಯಿಂದ ರೇಣುಕಾ ಎಂಬ ಹುಡುಗಿ ಕಾಕುವಿಗೆ ಫೋನ್ ಮಾಡಿದಳು. ಹುಟ್ಟಿನಿಂದ ಕಣ್ಣಿಲ್ಲ, ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಸೈಕಲ್ ಗುಂಪಿನವರು ಕಾಕುವಿನ ಸುದ್ದಿ ಅವಳಿಗೆ ಹೇಳಿದ್ದರು. ನಾವು ಮೂವರೂ ಕಾಕಾನ ಮನೆಯಲ್ಲೇ ಕೂತಿದ್ದೆವು.

"ಹಿಂದ ಕೂತಾಗ ಹೆದರಿಕಿ ಆಗೂದಿಲ್ಲೇನ್ರಿ?" ಅವಳು ಕೇಳಿದ್ದು ನನಗೂ ಕೇಳಿಸಿತು.

"ಮುಂದ ಕೂತಾಕಿನ್ನ ಕೇಳು," ಎಂದು ಕಾಕು ಫೋನನ್ನು ನನ್ನ ಕೈಗೆ ಕೊಟ್ಟರು.

ಏನಾದರೂ ಧೈರ್ಯದ ಮಾತು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ. "ನನಗ ಭಾಳ ಹೆದರಿಕಿ ಆಗಿತ್ತವಾ. ಈಗೂ ಆಗ್ತದ."

"ಹಂಗಾರ ನಾ ಬರ್ತೀನ್ರಿ," ಎಂದಳು.

ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಜೊತೆ ಬಂದಳು. ಹುಬ್ಬಳ್ಳಿಯ ಬಸ್ಸು ಕಾತ್ರಜದಲ್ಲಿ ಬೆಳಬೆಳಿಗ್ಗೆ ನಿಲ್ಲುತ್ತದೆ. ನಾವು ಮೂವರೂ ಜೋಡಿ ಸೈಕಲ್ಲನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಕಾದಿದ್ದೆವು. ಇಳಿದವಳು ನಮಸ್ಕಾರಕ್ಕಿಂತ ಮೊದಲು, "ಸೈಕಲ್ ತಂದೀರೇನ್ರಿ?" ಎಂದಳು. ಕೈ ಹಿಡಿದು ಮುಟ್ಟಿಸಿದೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ನಿಧಾನಕ್ಕೆ ಕೈಯಾಡಿಸಿದಳು, ಎರಡು ಸೀಟುಗಳ ನಡುವಿನ ಅಂತರವನ್ನು ಗೇಣಿನಿಂದ ಅಳೆದಳು. ಆಮೇಲೆ ಚೀಲವನ್ನು ಅಣ್ಣನಿಗೆ ಕೊಟ್ಟು ಹತ್ತಿ ಕೂತಳು, ಮುಂದಿನ ಸೀಟಿನ ಮೇಲೆ.

"ಹಿಂದ ಕೂಡಬೇಕವಾ," ಎಂದರು ಕಾಕಾ ಮೆಲ್ಲಗೆ.

"ಗೊತ್ತದ್ರಿ. ಇಲ್ಲಿ ಕೂತಾವ್ರಿಗೆ ಹ್ಯಾಂಗ ಆಗ್ತದ ಅಂತ ನೋಡಾಕತ್ತೀನಿ."

ಕಾಕಾ, ನಾನು ಎರಡು ಕಡೆ ಸೈಕಲ್ಲನ್ನು ಗಟ್ಟಿಯಾಗಿ ಹಿಡಿದು ನಿಂತೆವು. ಅವಳು ಹ್ಯಾಂಡಲ್ಲನ್ನು ಎಡಕ್ಕೆ ಬಲಕ್ಕೆ ತಿರುಗಿಸಿದಳು, ಬ್ರೇಕ್ ಒತ್ತಿದಳು, ಬಿಟ್ಟಳು. ಬಸ್ಸಿನಿಂದ ಇಳಿದ ಜನ ಸುತ್ತ ನೆರೆದು ನೋಡುತ್ತಿದ್ದರು. ಕಾಕು ಏನೋ ಅನ್ಯಾಯವಾದವರಂತೆ ಮುಂದೆ ಬಂದರು.

"ಇಷ್ಟು ವರ್ಷದಾಗ ನಾನೂ ಒಮ್ಮೀ ಅಲ್ಲಿ ಕೂತಿಲ್ಲ. ಇಳಿ, ನನಗೂ ಪಾಳಿ ಕೊಡು."

ರೇಣುಕಾ ನಗುತ್ತ ಇಳಿದಳು. ಕಾಕು ಸೀರೆಯ ನೆರಿಗೆ ಎತ್ತಿ ಕಟ್ಟಿ, ಗಂಡನ ಭುಜ ಹಿಡಿದು ಮುಂದಿನ ಸೀಟನ್ನೇರಿದರು. ಎರಡೂ ಕೈಗಳಿಂದ ಹ್ಯಾಂಡಲ್ ಹಿಡಿದು, ತಿರುಗಿಸಿ, ಗಂಭೀರವಾಗಿ ಮುಖವೆತ್ತಿ ಸಾತಾರಾ ರಸ್ತೆಯ ಕಡೆಗೆ ಕೂತರು.

"ಇಷ್ಟೇನು?" ಎಂದರು. "ಇಷ್ಟಕ್ಕ ನೀವಿಬ್ಬರೂ ಅಷ್ಟು ಹೆದರತಿದ್ರೇನು?"